ಮಾತಿನ ಮೂಟೆ: ಗಮಾರ ಯಾರು?



ತಮ್ಮಲ್ಲಿ ಯಾರಾದರೂ ಕೇಳಿದ ಪದವೊಂದನ್ನು ಎತ್ತಿಕೊಂಡು, ಅದರ ಹುಟ್ಟೂರು, ನೆಂಟರಿಷ್ಟರು ಇವನ್ನೆಲ್ಲ ವಿಚಾರಿಸುವುದು ಈ ಅಂಕಣದ ವಾಡಿಕೆ. ಈ ಸಲದ ಪದವನ್ನು ಯಾರೂ ಕೇಳಲಿಲ್ಲ. ನಾನೇ ಅದನ್ನು ತಲೆಯ ಮೇಲೆ ಎಳೆದುಕೊಂಡೆ.

ರಾಜ್ಯೋತ್ಸವದ ದಿನ ನಮ್ಮ ಮಕ್ಕಳು ಆಡಿದ ಕಿರುನಾಟಕ ತಮಗೆ ನೆನಪಿರಬಹುದು. ಬರೆದವನು ನಾನು. ಬೆಂಗಳೂರಿನ ಮನೆಯೊಂದಕ್ಕೆ ಹಳ್ಳಿಯಿಂದ ಬೋರ ಎಂಬ ಆಳು ಬರುತ್ತಾನೆ. ಹಾಲಿಗೆ ‘ಆಲು’ ಎನ್ನುತ್ತಾನೆ, ಅಕ್ಕಿಗೆ ‘ಹಕ್ಕಿ’ ಎನ್ನುತ್ತಾನೆ, ಲಿಫ್ಟಿನ ಬಾಗಿಲು ತಾನಾಗಿ ತೆರೆದದ್ದು ಕಂಡು ಕೈಮುಗಿಯುತ್ತಾನೆ. ಮನೆಯೊಡತಿ ಮಾತುಮಾತಿಗೂ ‘ಹಳ್ಳಿ ಗಮಾರ’ ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಪರದೆಯ ಪಕ್ಕದಲ್ಲಿ ನಿಂತು ಉಬ್ಬಿಹೋದೆ.

ಬೋರನ ಪಾತ್ರ ಮಾಡಿದವನು ಇಲ್ಲೇ ಹುಟ್ಟಿ ಬೆಳೆದ ಹುಡುಗ. ಅವನಿಗೆ ಆ ಧಾಟಿ ಬರಲಿಲ್ಲ. ಅವನ ತಾತ ಮಂಡ್ಯದ ಕಡೆಯ ರೈತರು, ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. “ನಿಮ್ಮ ತಾತ ಮಾತಾಡ್ತಾರಲ್ಲ, ಹಾಗೇ ಹೇಳಪ್ಪ” ಎಂದು ಹೇಳಿಕೊಟ್ಟವನು ನಾನೇ. ಮೊಮ್ಮಗನಿಗೆ ದೊಡ್ಡ ಪಾತ್ರ ಸಿಕ್ಕಿದೆಯೆಂದು ತಾತ ಹಿಗ್ಗಿ, ದಿನಾ ಸಂಜೆ ಕೂರಿಸಿಕೊಂಡು ಒಂದೊಂದು ಮಾತನ್ನೂ ತಿದ್ದಿದರಂತೆ. ನಾಟಕದ ದಿನ ಪಂಚೆಯುಟ್ಟು ಎರಡನೆಯ ಸಾಲಿನಲ್ಲಿ ಕುಳಿತಿದ್ದರು.

ಊಟದ ಹೊತ್ತಿನಲ್ಲಿ ಅವರು ನನ್ನ ಪಕ್ಕಕ್ಕೆ ಬಂದರು. “ಸ್ವಾಮಿ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಆ ಬೋರ ಮಾಡಿದ್ ತಪ್ಪೇನು? ಯೋಳಿದ್ ಕೆಲ್ಸ ಮಾಡ್ದ, ಉಂಡ ಮನೆಗೆ ನಿಯತ್ತಾಗವ್ನೆ. ಮತ್ಯಾಕೆ ಎಲ್ರೂ ನಗಾಡಿದ್ರು?”

ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಅಷ್ಟರಲ್ಲಿ ಹುಡುಗನೇ ಬಂದು, “ಅಂಕಲ್, ಗಮಾರ ಅಂದ್ರೆ ಸ್ಟುಪಿಡ್ ಅಂತ ತಾನೆ?” ಎಂದ. ನಾನು ಗಡಿಬಿಡಿಯಲ್ಲಿ “ಹೂಂ” ಎಂದುಬಿಟ್ಟೆ. ತಾತ ತಟ್ಟೆಯ ಕಡೆ ನೋಡಿದರು.

ಆ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುವ ಪ್ರಯತ್ನ ಇದು. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲು ಹುಡುಗನ ಪ್ರಶ್ನೆ. ಗಮಾರ ಎಂದರೆ ದಡ್ಡನೆಂದು ಅರ್ಥವಲ್ಲ. ಹಳ್ಳಿಯವನು ಎಂದು ಅರ್ಥ, ಅಷ್ಟೆ. ಸಂಸ್ಕೃತದ ‘ಗ್ರಾಮ’ ಉತ್ತರದ ಭಾಷೆಗಳ ಬಾಯಲ್ಲಿ ಸವೆದು ‘ಗಾಂವ್’ ಆಯಿತು. ಗಾಂವಿನಲ್ಲಿ ಇರುವವನು ಹಿಂದಿಯಲ್ಲಿ ‘ಗಂವಾರ್’. ಆ ಮೂಗಿನ ವಕಾರ ನಮ್ಮ ನಾಲಿಗೆಗೆ ಬಂದಾಗ ಮಕಾರವಾಗಿ ‘ಗಮಾರ’ ಎಂದು ನೆಲೆನಿಂತಿತು. ಪದವನ್ನು ಬಿಡಿಸಿ ಒಂದೊಂದು ಅಕ್ಷರವನ್ನೂ ಹುಡುಕಿದರೂ ಬೈಗುಳ ಎಲ್ಲಿಯೂ ಸಿಗುವುದಿಲ್ಲ. ಹಾಗೆ ನೋಡಿದರೆ ‘ಹಳ್ಳಿ ಗಮಾರ’ ಎನ್ನುವುದು ‘ಹಳ್ಳಿಯ ಹಳ್ಳಿಯವನು’ ಎಂದಂತೆ, ‘ನಡುಮಧ್ಯ’ದ ಹಾಗೆ ಹೇಳಿದ್ದನ್ನೇ ಎರಡು ಸಲ ಹೇಳಿದ್ದು.

ಹಿಂದಿಯಿಂದ ಬಂದ ಈ ಪದ ನಮಗೆ ಕಲಿಸಿದ್ದು ಹೊಸ ಪಾಠವೇನಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿಯೇ ‘ಗಾವಿಲ’ ಎಂಬ ಮಾತಿದೆ, ಅದೂ ಪ್ರಾಕೃತದ ದಾರಿಯಲ್ಲಿ ಅದೇ ‘ಗ್ರಾಮ’ದಿಂದ ಬಂದದ್ದು. ಅದಕ್ಕೂ ಎರಡು ಅರ್ಥ: ಹಳ್ಳಿಯವನು, ಮತ್ತು ದಡ್ಡ. ಒಂದೇ ತಾಯಿಯ ಇಬ್ಬರು ಮಕ್ಕಳು ಬೇರೆ ಬೇರೆ ಕಾಲದಲ್ಲಿ ನಮ್ಮ ಮನೆಗೆ ಬಂದರು, ಇಬ್ಬರಿಗೂ ನಾವು ಮಾಡಿದ ಮರ್ಯಾದೆ ಒಂದೇ.

ಆ ತಾಯಿಯ ಕಥೆಯೂ ಕೇಳುವಂಥದು. ವೇದಗಳ ಕಾಲದಲ್ಲಿ ‘ಗ್ರಾಮ’ ಎಂದರೆ ಊರಲ್ಲ, ದನಕರು ಹೊಡೆದುಕೊಂಡು ಒಟ್ಟಾಗಿ ಸಾಗುವ ಜನರ ಗುಂಪು. ಅಂಥ ಎರಡು ಗುಂಪುಗಳು ಎದುರುಬದುರಾದರೆ ‘ಸಂಗ್ರಾಮ’. ಯುದ್ಧಕ್ಕೆ ಆ ಹೆಸರು ಬಂದದ್ದು ಹೀಗೆ. ಜನ ಒಂದೆಡೆ ನಿಂತು ಉಳತೊಡಗಿದ ಮೇಲೆ ಗ್ರಾಮವೆಂದರೆ ಊರು ಎಂದಾಯಿತು. ಬರಬರುತ್ತ ನಗರಗಳೆದ್ದವು, ನಗರದಲ್ಲಿ ಕುಳಿತು ಬರೆಯುವವರು ಬಂದರು. ಅವರ ಲೇಖನಿಯಲ್ಲಿ ‘ಗ್ರಾಮ್ಯ’ ಎಂದರೆ ಒರಟು, ಅಸಭ್ಯ ಎಂದಾಯಿತು. ದಂಡಿ, ವಾಮನರಂಥ ಆಲಂಕಾರಿಕರು ಗ್ರಾಮ್ಯತೆಯನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಿದರು. ನಗರದಲ್ಲಿ ಇರುವವನು ‘ನಾಗರಿಕ’, ಅವನ ಬಾಳುವೆ ‘ನಾಗರಿಕತೆ’. ನಮಗೆ ಸರಿಕಾಣದ್ದೆಲ್ಲ ‘ಅನಾಗರಿಕ’, ಅಂದರೆ ಪೇಟೆಯದಲ್ಲದ್ದು! ಅನ್ನ ಬೆಳೆದವನಿಗೆ ಬೈಗುಳ, ಉಂಡು ಬರೆದವನಿಗೆ ಬಿರುದು. ನಿಘಂಟು ಬರೆಯುವ ಕೆಲಸ ರೈತನ ಕೈಗೆ ಬಂದಿದ್ದರೆ ‘ನಾಗರಿಕ’ ಎಂಬುದಕ್ಕೆ ಏನರ್ಥ ಬರೆಯುತ್ತಿದ್ದನೋ ಊಹಿಸಿ.

ಆದರೆ ಇಷ್ಟನ್ನೇ ಹೇಳಿದರೆ ನಮ್ಮ ಹಿರಿಯರಿಗೆ ಅನ್ಯಾಯವಾದೀತು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ, ಸುಮಾರು 850ರ ‘ಕವಿರಾಜಮಾರ್ಗ’, ದಂಡಿಯನ್ನು ಬಹಳಷ್ಟು ಅನುಸರಿಸಿಯೂ, ಪುಸ್ತಕ ಹಿಡಿದು ಓದದೆಯೇ ಕಾವ್ಯದಲ್ಲಿ ನುರಿತ ನಾಡವರನ್ನು ಮೆಚ್ಚಿ ಕೊಂಡಾಡುತ್ತದೆ. ಅದನ್ನು ರಾಜ್ಯೋತ್ಸವದ ಭಾಷಣದಲ್ಲಿ ನಾನು ಪ್ರತಿವರ್ಷ ಹೇಳುತ್ತೇನೆ. ಈ ವರ್ಷವೂ ಹೇಳಿದೆ, ನಾಟಕಕ್ಕೆ ಅರ್ಧ ಗಂಟೆ ಮುಂಚೆ!

ನೆರೆಯವರೂ ನಮಗಿಂತ ಮೇಲಲ್ಲ. ತೆಲುಗರು ‘ಪಲ್ಲೆಟೂರಿ ಬೈತು’ ಎನ್ನುತ್ತಾರೆ, ತಮಿಳರು ‘ಪಟ್ಟಿಕ್ಕಾಟಾನ್’ ಎನ್ನುತ್ತಾರೆ, ಮರಾಠಿಗರು ‘ಗಾವಂಢಳ’ ಎನ್ನುತ್ತಾರೆ. ಇನ್ನು ನಾವು ಬಂದು ಸೇರಿರುವ ಈ ನಾಡಿನ ಇಂಗ್ಲಿಷನ್ನು ನೋಡಿ. ಲ್ಯಾಟಿನ್ನಿನಲ್ಲಿ ‘ವಿಲ್ಲಾ’ ಎಂದರೆ ಹೊಲಮನೆ. ಅದರಿಂದ ‘ವಿಲೇಜ್’ ಬಂತು. ಆ ಹೊಲಮನೆಗೆ ಸೇರಿದ ದುಡಿಮೆಗಾರ ‘ವಿಲ್ಲಾನುಸ್’. ಅವನೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವ ಹೊತ್ತಿಗೆ ‘ವಿಲನ್’ ಆಗಿ, ನಮ್ಮ ಸಿನಿಮಾದಲ್ಲಿ ಮೀಸೆ ತಿರುವಿಕೊಂಡು ನಾಯಕಿಯ ಸೆರಗಿಗೆ ಕೈಹಾಕುವ ಖಳನಾಯಕನಾದ. ಬೇಸಾಯ ಮಾಡಿದ್ದೊಂದೇ ಅವನ ಅಪರಾಧ.

ಈ ನಮ್ಮ ಇಲಿನಾಯ್ ಜೋಳದ ಸೀಮೆಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವುದು ‘ಹಿಕ್’. ಇದು ಮೊದಲು ಒಬ್ಬ ಮನುಷ್ಯನ ಹೆಸರು! ಇಂಗ್ಲೆಂಡಿನಲ್ಲಿ ರಿಚರ್ಡ್ ಎಂಬುದನ್ನು ಪ್ರೀತಿಯಿಂದ ಮೊಟಕಾಗಿಸಿ ‘ಹಿಕ್’ ಎನ್ನುತ್ತಿದ್ದರು. ಹಳ್ಳಿಗಳಲ್ಲಿ ಆ ಹೆಸರಿನವರು ಬಹಳ ಮಂದಿಯಿದ್ದರು, ಪೇಟೆಯವರಿಗೆ ಹಳ್ಳಿಯವರೆಲ್ಲ ಹಿಕ್ಕುಗಳಾದರು. ರೋಜರ್ ಎಂಬ ಹೆಸರು ‘ಹಾಜ್’ ಆಗಿ ಕೂಲಿಯಾಳಿಗೆಲ್ಲ ಅಂಟಿಕೊಂಡದ್ದೂ ಹೀಗೆಯೇ. ಇದನ್ನು ಓದಿದಾಗ ನನಗೆ ಬೋರ ನೆನಪಾದ. ನಾನು ನಾಟಕದ ಆಳಿಗೆ ಯೋಚನೆಯೇ ಮಾಡದೆ ಆ ಹೆಸರಿಟ್ಟಿದ್ದೆ. 1970ರಲ್ಲಿ ‘ಬೋರೇಗೌಡ ಬೆಂಗಳೂರಿಗೆ ಬಂದ’ ಎಂಬ ಚಿತ್ರವೇ ಬಂದಿತ್ತು, ಹೆಸರು ಕೇಳಿದರೆ ಸಾಕು ಬಂದವನು ಎಂಥವನೆಂದು ಜನಕ್ಕೆ ತಿಳಿಯುತ್ತಿತ್ತು. ಬೋರ ಎಂಬುದು ಬೋರೇದೇವರ ಹೆಸರು. ಪೆದ್ದ ತಿಮ್ಮ ಎನ್ನುತ್ತೇವಲ್ಲ, ಆ ತಿಮ್ಮ ತಿರುಪತಿಯ ತಿಮ್ಮಪ್ಪ. ಬೆಟ್ಟದ ಮೇಲಿದ್ದರೆ ಕೈಮುಗಿಯುತ್ತೇವೆ, ಹೊಲದಲ್ಲಿದ್ದರೆ ನಗುತ್ತೇವೆ.

ಈಗ ತಾತನ ಪ್ರಶ್ನೆ. ಬೋರ ಮಾಡಿದ ತಪ್ಪೇನು? ನಾನು ಬರೆದ ಸಂಭಾಷಣೆಯನ್ನು ಮತ್ತೆ ತೆಗೆದು ಓದಿದೆ. ನಗೆಯೆಲ್ಲ ಇದ್ದದ್ದು ‘ಹ’ ಅಕ್ಷರದ ಮೇಲೆ. ಹಾಲನ್ನು ‘ಆಲು’ ಎಂದ, ಹಾಕು ಎನ್ನುವುದಕ್ಕೆ ‘ಆಕು’ ಎಂದ. ಇದು ತಪ್ಪೆ? ಪಂಪ 941ರಲ್ಲಿ ಭಾರತ ಬರೆದಾಗ ಹಾಲು ‘ಪಾಲ್’ ಆಗಿತ್ತು, ಹಾವು ‘ಪಾವು’ ಆಗಿತ್ತು. ತಮಿಳು ತೆಲುಗುಗಳಲ್ಲಿ ಇಂದಿಗೂ ಪಕಾರವೇ ಇದೆ. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡಿಗರ ಬಾಯಲ್ಲಿ ಆ ಪಕಾರ ಸಡಿಲಗೊಂಡು ಹಕಾರವಾಗತೊಡಗಿತು. ಪಕಾರದಲ್ಲೇ ಬೆಳೆದ ಪಂಡಿತರ ಕಿವಿಗೆ ಮೊದಲು ಕೇಳಿದ ಆ ‘ಹಾಲು’ ಹೇಗಿದ್ದಿರಬಹುದು? ನಮಗೆ ‘ಆಲು’ ಕೇಳಿಸುವ ಹಾಗೆಯೇ ಅಲ್ಲವೆ? ಪಕಾರ ಹಕಾರವಾಯಿತು, ಹಕಾರ ಹಳ್ಳಿಯ ಬಾಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಾಯವಾಯಿತು. ಒಂದೇ ದಾರಿಯಲ್ಲಿ ಹೊರಟವರು, ನಾವು ನಡುವಿನ ಛತ್ರದಲ್ಲಿ ಕುಳಿತಿದ್ದೇವೆ, ಅವರು ಮುಂದಿನ ಊರು ತಲುಪಿದ್ದಾರೆ. ಅಷ್ಟಕ್ಕೆ ಕುಳಿತವರು ನಡೆದವರನ್ನು ನೋಡಿ ನಗುವುದೆ?

‘ಅಕ್ಕಿ’ ಹೋಗಿ ‘ಹಕ್ಕಿ’ ಆಗುವುದು ಬೇರೆ ಕಥೆ, ಅದು ನನಗೆ ಸ್ವಂತ ಅನುಭವದಿಂದ ಗೊತ್ತು. ನಾನು ತಿಪಟೂರಿನ ಕಡೆಯ ಒಂದು ಹಳ್ಳಿಯವನು. ಓದಲೆಂದು ಮೈಸೂರಿಗೆ ಬಂದು ವಿದ್ಯಾರ್ಥಿನಿಲಯವೊಂದಕ್ಕೆ ಸೇರಿದ ಮೊದಲ ರಾತ್ರಿ, “ಈ ಆಸ್ಟ್ಲಲ್ಲಿ ಮುದ್ದೆ ಕೊಡಾಕಿಲ್ವಾ?” ಎಂದು ಕೇಳಿದೆ. ಊಟದ ಮನೆಯೆಲ್ಲ ನಕ್ಕಿತು. ಹಿರಿಯ ವಿದ್ಯಾರ್ಥಿಯೊಬ್ಬ “ಬಂದ ನೋಡ್ರೋ ಹಳ್ಳಿ ಗಮಾರ” ಎಂದ. ಆ ವರ್ಷವೆಲ್ಲ ಅದೇ ನನ್ನ ಹೆಸರು. ಹೆದರಿಕೊಂಡು ಎಲ್ಲೆಲ್ಲಿ ಹಕಾರ ಬಿಟ್ಟಿದ್ದೇನೋ ಎಂದು ಸಿಕ್ಕ ಕಡೆಯೆಲ್ಲ ಸೇರಿಸತೊಡಗಿದೆ. ಇಡ್ಲಿ ‘ಹಿಡ್ಲಿ’ಯಾಯಿತು, ಅಕ್ಕಿಗೆ ರೆಕ್ಕೆ ಬಂತು. ಆದರ-ಹಾದರದ ಹಳೆಯ ನಗೆಹನಿ ತಮಗೆಲ್ಲ ಗೊತ್ತಲ್ಲ, ಅದು ದಡ್ಡತನದ ಕಥೆಯಲ್ಲ, ಹೆದರಿಕೆಯ ಕಥೆ. ನಕ್ಕವರಿಂದಲೇ ಹುಟ್ಟಿದ ತಪ್ಪು ಅದು.

ನನ್ನ ನಾಲಿಗೆ ಎರಡು ವರ್ಷಗಳಲ್ಲಿ ನೆಟ್ಟಗಾಯಿತು. ಮೂರನೆಯ ವರ್ಷ ಹೊಸದಾಗಿ ಬಂದ ಹುಡುಗನೊಬ್ಬ ಚಮಚ ಹಿಡಿಯಲು ತಿಳಿಯದೆ ಒದ್ದಾಡಿದಾಗ “ಗಮಾರ” ಎಂದು ಮೊದಲು ಕೂಗಿದವನು ನಾನು. ಅವನ ಮುಖ ಈಗ ನೆನಪಿಲ್ಲ, ಕೂಗಿದಾಗ ಆದ ಸುಖ ನೆನಪಿದೆ. ಪೇಟೆಯಲ್ಲೇ ಹುಟ್ಟಿದವರಿಗಿಂತ ಹಳ್ಳಿಯಿಂದ ನಿನ್ನೆ ಬಂದವರೇ ಈ ಮಾತನ್ನು ಜೋರಾಗಿ ಆಡುತ್ತಾರೆ ಎಂದು ನನ್ನ ಅನುಭವ. ಬೇರೆಯವನನ್ನು ಗಮಾರ ಎಂದರೆ ನಾನು ಅಲ್ಲ ಎಂದಂತಾಯಿತಲ್ಲ! ಆ ಮಾತನ್ನು ಕಟ್ಟಿಕೊಂಡೇ ನಾನು ಸಮುದ್ರ ದಾಟಿ ಬಂದಿದ್ದೇನೆ. ಹಳ್ಳಿಯನ್ನು ಸರಿಯಾಗಿ ಕಾಣದ ಮಗುವಿಗೆ ಹಳ್ಳಿಯ ಮೇಲಿನ ತಾತ್ಸಾರವನ್ನು ಮಾತ್ರ ಕಲಿಸಿ ರಂಗದ ಮೇಲೆ ನಿಲ್ಲಿಸಿದೆ, ಅದೂ ಅವನ ತಾತನ ದನಿಯಲ್ಲಿ.

ಹಳ್ಳಿಯ ಮಾತಿನಲ್ಲಿ ನಗೆಯೇ ಇರಬಾರದೆಂದು ನಾನು ಹೇಳುತ್ತಿಲ್ಲ. ರಾಜರತ್ನಂ ಅವರ ರತ್ನ ಹಕಾರವಿಲ್ಲದ ಕನ್ನಡದಲ್ಲಿಯೇ ಹಾಡಿದ, ನಕ್ಕ, ನಗಿಸಿದ, ಅಳಿಸಿದ. ಅವನನ್ನು ಕಂಡು ನಾವು ನಗುವುದಿಲ್ಲ, ಅವನೊಡನೆ ನಗುತ್ತೇವೆ. ದೇವನೂರ ಮಹಾದೇವ ಅವರು ನಂಜನಗೂಡಿನ ಕಡೆಯ ಆಡುಮಾತಿನಲ್ಲೇ ‘ಕುಸುಮಬಾಲೆ’ ಬರೆದರು. 1984ರ ಆ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಾನು ನಗೆಗೆ ಬಳಸಿದ್ದ ಮಾತು ಅಲ್ಲಿ ಇಡೀ ಒಂದು ಲೋಕವನ್ನು ಹೊತ್ತು ನಿಂತಿದೆ.

ನಗಿಸಿಕೊಂಡವರು ಸುಮ್ಮನೆ ಇರುತ್ತಾರೆ, ಆದರೆ ಅವರಿಗೆ ತಿಳಿಯದೆ ಇರುವುದಿಲ್ಲ. 1935ರ ಜುಲೈನಲ್ಲಿ ಇಲ್ಲಿಯ ‘ವೆರೈಟಿ’ ಎಂಬ ಸಿನಿಮಾ-ನಾಟಕ ಪತ್ರಿಕೆ ಒಂದು ತಲೆಬರಹ ಕೊಟ್ಟಿತು: ‘ಸ್ಟಿಕ್ಸ್ ನಿಕ್ಸ್ ಹಿಕ್ ಪಿಕ್ಸ್’. ಪತ್ರಿಕೋದ್ಯಮದಲ್ಲಿ ಅದು ಇಂದಿಗೂ ಹೆಸರುವಾಸಿ. ಹಳ್ಳಿಯವರ ಮೇಲೆ ತೆಗೆದ ಚಿತ್ರಗಳನ್ನು ಹಳ್ಳಿಯವರೇ ನೋಡಲೊಲ್ಲರು ಎಂಬುದು ಅದರ ಸಾರಾಂಶ. ಹಾಗಾದರೆ ಹಳ್ಳಿಯವರಿಗೆ ಹಳ್ಳಿಯ ಚಿತ್ರವೇ ಬೇಡವೆ? ನಮ್ಮಲ್ಲಿ 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಾಗ, ಹಳ್ಳಿಯಲ್ಲಿ ನಿಂತು ಮಣ್ಣು ಹಸನು ಮಾಡುವ ರಾಜೀವನನ್ನು ನೋಡಲು ಗಾಡಿ ಕಟ್ಟಿಕೊಂಡು ಬಂದವರು ಯಾರೆಂದು ತಮಗೆ ಗೊತ್ತು.

ರಾಜ್ಯೋತ್ಸವವಾದ ಮರುವಾರ ತಾತನನ್ನು ಕರೆದುಕೊಂಡು ಹೊರಟೆ. ಅವರಿಗೆ ಇಲ್ಲಿಯ ಜೋಳದ ಹೊಲ ನೋಡುವ ಆಸೆಯಿತ್ತು, ನನಗೆ ತಪ್ಪೊಪ್ಪಿಕೊಳ್ಳುವ ಆಸೆ. ಕೊಯ್ಲು ಮುಗಿಯುತ್ತ ಬಂದಿತ್ತು. ರಸ್ತೆಯಂಚಿನಲ್ಲಿ ನಿಲ್ಲಿಸಿದಾಗ, ವಯಸ್ಸಾದ ರೈತನೊಬ್ಬ ಕೊಯ್ಯುವ ಯಂತ್ರದಿಂದ ಇಳಿದು ಬಂದ. ನಾನು ದುಭಾಷಿಯಾದೆ. ತಾತ ಒಂದು ಹಿಡಿ ಮಣ್ಣೆತ್ತಿ ಹಿಸುಕಿ ಮೂಸಿ ನೋಡಿ, “ಎರೆ ಮಣ್ಣು, ಒಳ್ಳೆ ಕಸುವಿದೆ. ಎಕರೆಗೆ ಎಷ್ಟಾಯ್ತದೆ ಕೇಳಿ” ಎಂದರು. 200 ಬುಷೆಲ್ ಎಂದ, ಅಂದರೆ ನಮ್ಮ ಲೆಕ್ಕದಲ್ಲಿ 50 ಕ್ವಿಂಟಾಲ್. ತಾತ ಹುಬ್ಬೇರಿಸಿದರು. ಕಬ್ಬಿನ ಲೆಕ್ಕ ಅವರು ಹೇಳಿದರು, ಅವನು ಹುಬ್ಬೇರಿಸಿದ. ಮಣ್ಣು ಮೂಸಿದ್ದನ್ನು ನೋಡಿ ಆತ ನಗುತ್ತ, ಹೀಗೆ ಮೂಸುವವರು ನಾವು ಹಿಕ್ಕುಗಳು ಮಾತ್ರ ಎಂದ.

“ಏನಂದ್ರು?” ಎಂದರು ತಾತ.

ನಾನು ತಡವರಿಸಿದೆ. ಕೊನೆಗೆ ಇದ್ದದ್ದನ್ನೇ ಹೇಳಿದೆ: “ನಮ್ಮಂಥ ಗಮಾರರು ಅಂದ್ರು.”

ತಾತ ಗಟ್ಟಿಯಾಗಿ ನಕ್ಕುಬಿಟ್ಟರು. “ಅಂಗಾದ್ರೆ ನಾವಿಬ್ರೂ ಒಂದೇ ಕುಲ ಅನ್ನಿ!” ಕಾರಿಗೆ ಬಂದು ಕುಳಿತ ಮೇಲೆ, “ತನ್ನ ಬೆನ್ನ ತಾನೇ ಗುದ್ಕಂಡ್ರೆ ನೋಯಾಕಿಲ್ಲ ಸ್ವಾಮಿ” ಎಂದರು. ನಾನು ಹೇಳಬೇಕೆಂದಿದ್ದ ತಪ್ಪೊಪ್ಪಿಗೆಯನ್ನು ಆಗ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ, “ಹುಡ್ಗ ಚೆನ್ನಾಗ್ ಮಾಡ್ದ, ಅಲ್ವಾ?” ಎಂದಷ್ಟೇ ಅಂದರು.

ಇಂಗ್ಲಿಷಿನಲ್ಲಿ ಒರಟನಿಗೆ ‘ಬೂರ್’ ಎನ್ನುತ್ತಾರೆ. ಅದೂ ರೈತನೆಂಬ ಅರ್ಥದ ಪದವೇ, ಡಚ್ಚರ ‘ಬೋಅರ್’ಗೆ ಹತ್ತಿರದ ಬಂಧು. ಆದರೆ ಅದೇ ಬೇರಿನಿಂದ ಇನ್ನೊಂದು ಪದ ಚಿಗುರಿದೆ: ‘ನೇಬರ್’. ಹಳೆಯ ಇಂಗ್ಲಿಷಿನಲ್ಲಿ ಹತ್ತಿರದಲ್ಲಿ ವಾಸಿಸುವ ಒಕ್ಕಲು ಎಂದು ಅದರರ್ಥ. ಒಂದೇ ಬೇರು, ದೂರದಿಂದ ನೋಡಿದರೆ ಒರಟ, ಹತ್ತಿರದಿಂದ ನೋಡಿದರೆ ನೆರೆಯವ. ನಮ್ಮ ‘ಹಳ್ಳಿ’ಯೂ ಹಾಗೆಯೇ. ಹಳಗನ್ನಡದಲ್ಲಿ ಅದು ‘ಪಳ್ಳಿ’. ತಮಿಳಿನಲ್ಲಿ ಇಂದಿಗೂ ‘ಪಳ್ಳಿ’ ಎಂದರೆ ಮಕ್ಕಳು ಓದುವ ಶಾಲೆ, ಮಲಯಾಳದಲ್ಲಿ ಮಸೀದಿ, ಇಗರ್ಜಿ. ಒಂದು ಕಡೆ ದೇವರ ಮನೆ, ಒಂದು ಕಡೆ ವಿದ್ಯೆಯ ಮನೆ. ನಮ್ಮಲ್ಲಿ ಮಾತ್ರ ಅದರ ಪಕ್ಕದಲ್ಲಿ ಗಮಾರನನ್ನು ಕೂರಿಸಿದ್ದೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ 61 ಜನ ಹಳ್ಳಿಯವರೇ ಆಗಿದ್ದರು. ಕನ್ನಡಿಗರನ್ನು ನೋಡಿ ನಗದೆ ಗಮಾರನನ್ನು ನೋಡಿ ನಗುವುದು ಹೇಗೆಂದು ನನಗಂತೂ ತಿಳಿಯದು.

ತಾತ ಊರಿಗೆ ಮರಳಿದ್ದಾರೆ. ಯುಗಾದಿಗೆ ಅದೇ ನಾಟಕವನ್ನು ತಿರುಗಿ ಬರೆದಿದ್ದೇನೆ. ಬೋರ ಇದ್ದಾನೆ, ‘ಆಲು’ ಇದೆ, ನಗೆಯೂ ಇದೆ. ಆದರೆ ಈ ಸಲ ರಾಗಿಯ ಪೈರಿಗೂ ಹುಲ್ಲಿಗೂ ವ್ಯತ್ಯಾಸ ತಿಳಿಯದ ಪೇಟೆಯವರನ್ನು ನೋಡಿ ನಗುವ ಸರದಿ ಬೋರನದು. ಮನೆಯೊಡತಿ “ಗಮಾರ” ಎಂದಾಗ ಅವನು, “ಊ ಕಣವ್ವ, ಗ್ರಾಮದವ್ನೇಯ. ನೀವ್ ಯಾವೂರು?” ಎನ್ನುತ್ತಾನೆ. ಅವಳಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಪಾತ್ರ ಮಾಡುವವನು ಅದೇ ಹುಡುಗ, ಶನಿವಾರ ಶನಿವಾರ ಫೋನಿನಲ್ಲಿ ಮಾತು ತಿದ್ದುವವರು ಅದೇ ತಾತ. ಈ ಸಲ ಪೂರ್ತಿ ನಾಟಕವನ್ನು ಮೊದಲೇ ಓದಿಸಿ ಕೇಳಿಕೊಂಡಿದ್ದಾರೆ.

ಕೊನೆಯಲ್ಲಿ ಒಂದು ವಿನಂತಿ. ತಮ್ಮ ತಮ್ಮ ಊರಿನಲ್ಲಿ ಅಜ್ಜ ಅಜ್ಜಿಯರು ಆಡುತ್ತಿದ್ದು, ಪೇಟೆಗೆ ಬಂದ ಮೇಲೆ ನಾಚಿಕೊಂಡು ತಾವು ಬಿಟ್ಟ ಪದವೊಂದು ಇದ್ದೇ ಇರುತ್ತದೆ. ಅದನ್ನು ಒಂದು ಕಾಗದದ ಮೇಲೆ ಬರೆದು, ಯಾವ ಊರು, ಯಾರು ಆಡುತ್ತಿದ್ದರು ಎಂಬುದನ್ನೂ ಸೇರಿಸಿ ಕಳಿಸಿಕೊಡಿ. ಮುಂದಿನ ಸಂಚಿಕೆಯ ಮೂಟೆಯಲ್ಲಿ ಅವನ್ನೇ ಬಿಚ್ಚೋಣ. ಮೊದಲನೆಯದನ್ನು ನಾನೇ ಹಾಕುತ್ತೇನೆ: ನನ್ನವ್ವ ಊಟಕ್ಕೆ ‘ಕೂಳು’ ಎನ್ನುತ್ತಿದ್ದಳು. ಹಳೆಯ ಕನ್ನಡದಲ್ಲಿ ಅದು ಮರ್ಯಾದೆಯ ಮಾತೇ. ಹಾಸ್ಟೆಲಿನಿಂದ ರಜೆಗೆ ಹೋದಾಗ, ಹಾಗೆನ್ನಬೇಡ ಎಂದು ಅವಳನ್ನು ತಿದ್ದಿದವನು ನಾನು. ಮರುದಿನದಿಂದ ಅವಳು ‘ಊಟ’ ಎಂದಳು.